ಲೂಪ್ ಸುಲಭವಾಗಿ ಟ್ಯೂನ್ ಆದರೆ ನನಗೆ ಅನುಮಾನ

ಮ್ಯಾಗ್ನೆಟಿಕ್ ಲೂಪ್ ಆಂಟೆನಾ ಬಗ್ಗೆ ಮಾತು ಬಂದರೆ ಹ್ಯಾಮ್‌ಗಳ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಮಂದಿಯ, ಮೊದಲ ದೂರು ಯಾವಾಗಲೂ ಒಂದೇ. ಟ್ಯೂನ್ ಮಾಡೋದು ದೊಡ್ಡ ತಲೆನೋವು ಅಂತ. ಫ್ರೀಕ್ವೆನ್ಸಿ ಸ್ವಲ್ಪ ಬದಲಿಸಿದರೆ ಮತ್ತೆ ಗುಂಡಿ ತಿರುಗಿಸಬೇಕು, ಹತ್ತಿರ ಹೋಗಿ ನಿಂತರೆ ಟ್ಯೂನಿಂಗ್ ಜಾರುತ್ತದೆ, ಸರಿ ಮಾಡಿ ಕೈ ತೆಗೆದರೆ ಇನ್ನೆಲ್ಲೋ ಹೋಗಿ ಕೂತಿರುತ್ತದೆ. ದೂರು ನಿಜವೇ. ಆದರೆ ಯಾರಾದರೂ ಬಂದು, ನನ್ನ ಲೂಪ್ ತುಂಬ ಸಾಧು, ಒಂದು ಸಲ ಸೆಟ್ ಮಾಡಿಟ್ಟರೆ 20 ಮೀಟರ್ ಬ್ಯಾಂಡಿನ (14 ಮೆಗಾಹರ್ಟ್ಜ್) ಅರ್ಧ ಭಾಗದಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಅನ್ನುವ ಅಳತೆ, 1:1 ಇದ್ದರೆ ಏನೂ ವಾಪಸಿಲ್ಲ) ಚೆನ್ನಾಗಿಯೇ ಇರುತ್ತದೆ ಅಂದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಆ ಲೂಪಿನಲ್ಲಿ ಎಲ್ಲೋ ಪವರ್ ಸೋರಿಹೋಗುತ್ತಿದೆ. ಲೂಪಿನ ಹಠವೇ ಅದರ ಆರೋಗ್ಯ ಅನ್ನುವುದು ನನ್ನ ನಂಬಿಕೆ. ಸುಮ್ನೆ ಹೇಳುತ್ತಿಲ್ಲ, ಕೆಳಗೆ ಲೆಕ್ಕ ಇದೆ. ಹೆದರಬೇಡಿ, ಪಿಯುಸಿ ಫಿಸಿಕ್ಸ್ ನೆನಪಿದ್ದರೆ ಸಾಕು.

ಮೊದಲು, ಲೂಪ್ ಯಾಕೆ ಬೇಕಾಯಿತು ಅನ್ನೋದು. ನಾನಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಜ್) ಒಂದು ಸಾದಾ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿಸಿದ ನೇರ ತಂತಿಯ ಆಂಟೆನಾ, ಕಟ್ಟಬೇಕಾದರೆ ಸುಮಾರು 20 ಮೀಟರ್ ಉದ್ದದ ತಂತಿಯನ್ನು ಎತ್ತರದಲ್ಲಿ ಎಳೆಯಬೇಕು. ಟೆರೇಸ್ ಎಲ್ಲರದ್ದು, ಅಂದರೆ ಯಾರದ್ದೂ ಅಲ್ಲ. ಸಂಘದ ಸಭೆಯಲ್ಲಿ ಆಂಟೆನಾ ಅಂತ ಬಾಯಿಬಿಟ್ಟರೆ ಮೊಬೈಲ್ ಟವರ್ ಅಂತಲೇ ತಿಳಿಯುತ್ತಾರೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಟ್ಟ ಲೈಸೆನ್ಸ್ ತೋರಿಸಿ, ಇದು ಐದು ವಾಟ್, ನಿಮ್ಮ ಮನೆಯ ಎಲ್‌ಇಡಿ ಬಲ್ಬ್ ಇದಕ್ಕಿಂತ ಜಾಸ್ತಿ ಪವರ್ ತಗೊಳ್ಳುತ್ತೆ ಅಂತ ಹೇಳಿದರೂ ಮುಖದ ಮೇಲಿನ ಸಂಶಯ ಹೋಗುವುದಿಲ್ಲ. ಹಾಗಾಗಿ ಉಳಿದದ್ದು ಬಾಲ್ಕನಿ. ಬಾಲ್ಕನಿಯಲ್ಲಿ ಒಂದು ಮೀಟರ್ ಅಗಲದ ತಾಮ್ರದ ಬಳೆ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ಬಟ್ಟೆ ಒಣಗಿಸುವ ಹೊಸ ಸ್ಟ್ಯಾಂಡ್ ಅಂದುಕೊಳ್ಳುತ್ತಾರೋ ಏನೋ.

ಲೂಪ್ ಅಂದರೆ ನೋಡಲು ಏನೂ ಇಲ್ಲ. ಎಸಿ ಫಿಟ್ ಮಾಡುವವರು ಬಳಸುವ ಮೆತ್ತನೆಯ ತಾಮ್ರದ ಕೊಳವೆ ಸುರುಳಿಯಲ್ಲೇ ಸಿಗುತ್ತದೆ. ಐದು ಎಂಟಾಂಶ ಇಂಚಿನದು, ಅಂದರೆ 16 ಮಿಲಿಮೀಟರ್ ದಪ್ಪದ್ದು ತಂದು 1 ಮೀಟರ್ ವ್ಯಾಸದ ಬಳೆ ಮಾಡಿ. ಮೇಲ್ಗಡೆ ಎರಡು ತುದಿ ಕೂಡದ ಹಾಗೆ ಸಂದು ಬಿಡಿ. ಆ ಸಂದಿಗೆ ಒಂದು ವೇರಿಯಬಲ್ ಕೆಪಾಸಿಟರ್, ಟ್ಯೂನ್ ಮಾಡಲು ತಿರುಗಿಸುವ ಗುಂಡಿ ಇದರದ್ದೇ. ಕೆಳಗಡೆ, ದೊಡ್ಡ ಬಳೆಯ ಒಳಗೆ, ಅದರ ಐದನೇ ಒಂದು ಭಾಗದಷ್ಟು ಅಗಲದ ಒಂದು ಪುಟ್ಟ ಬಳೆ. ರೇಡಿಯೋದಿಂದ ಬರುವ ಕೇಬಲ್ ಸೇರುವುದು ಈ ಪುಟ್ಟ ಬಳೆಗೆ. ದೊಡ್ಡದಕ್ಕೂ ಚಿಕ್ಕದಕ್ಕೂ ತಂತಿಯ ಸಂಬಂಧವೇ ಇಲ್ಲ, ಟ್ರಾನ್ಸ್‌ಫಾರ್ಮರ್ ಥರ ಕಾಂತಕ್ಷೇತ್ರದ ಮೂಲಕ ಮಾತ್ರ. ಇಷ್ಟೇ ಆಂಟೆನಾ.

ಇಷ್ಟೇ ಇದ್ದದ್ದಕ್ಕೆ ಇಷ್ಟೊಂದು ಗೋಳು ಯಾಕೆ ಅಂದರೆ, ಅದು ತರಂಗದ ಉದ್ದಕ್ಕೆ ಹೋಲಿಸಿದರೆ ತೀರಾ ಚಿಕ್ಕದು. 14 ಮೆಗಾಹರ್ಟ್ಜ್‌ನಲ್ಲಿ ತರಂಗದ ಉದ್ದ 21 ಮೀಟರ್ ಚಿಲ್ಲರೆ. ನಮ್ಮ ಬಳೆಯ ಸುತ್ತಳತೆ 3.14 ಮೀಟರ್. ಹೀಗೆ ಚಿಕ್ಕದಾದ ಬಳೆಯ ರೇಡಿಯೇಷನ್ ರೆಸಿಸ್ಟೆನ್ಸ್, ಅಂದರೆ ಪವರನ್ನು ನಿಜವಾಗಿ ಆಕಾಶಕ್ಕೆ ಕಳಿಸುವ ಭಾಗ, ಸುತ್ತಳತೆಯನ್ನು ತರಂಗದ ಉದ್ದದಿಂದ ಭಾಗಿಸಿ, ಅದರ ನಾಲ್ಕನೇ ಘಾತ ತೆಗೆದು, 197ರಿಂದ ಗುಣಿಸಿದರೆ ಬರುತ್ತದೆ. ನಾಲ್ಕನೇ ಘಾತ ಅನ್ನುವುದನ್ನು ಮರೆಯಬೇಡಿ, ಎಲ್ಲ ಕಷ್ಟವೂ ಅಲ್ಲೇ ಇರುವುದು. 14 ಮೆಗಾಹರ್ಟ್ಜ್‌ನಲ್ಲಿ ಇದು 0.093 ಓಮ್. 7 ಮೆಗಾಹರ್ಟ್ಜ್‌ಗೆ ಇಳಿದರೆ ಹದಿನಾರರಲ್ಲಿ ಒಂದು ಪಾಲಾಗಿ 0.0058 ಓಮ್. ಮಿಲಿಓಮ್‌ನಲ್ಲಿ ಹೇಳಿದರೆ ಆರೂ ಇಲ್ಲ. ಡೈಪೋಲ್‌ನದ್ದು 73 ಓಮ್ ಅಂತ ಓದಿದ್ದು ನೆನಪಿದೆಯಾ? ಈಗ ವ್ಯತ್ಯಾಸ ನೋಡಿ.

ಇನ್ನೊಂದು ಕಡೆ ತಾಮ್ರದ ನಷ್ಟ. ಈ ಫ್ರೀಕ್ವೆನ್ಸಿಗಳಲ್ಲಿ ಕರೆಂಟ್ ಕೊಳವೆಯ ಹೊರ ಚರ್ಮದಲ್ಲಿ ಮಾತ್ರ ಓಡುತ್ತದೆ. 14 ಮೆಗಾಹರ್ಟ್ಜ್‌ನಲ್ಲಿ ಆ ಚರ್ಮದ ದಪ್ಪ ಒಂದು ಮಿಲಿಮೀಟರ್‌ನ ಐವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಕೊಳವೆ ಒಳಗೆ ಟೊಳ್ಳೋ ಗಟ್ಟಿಯೋ ಮುಖ್ಯವಲ್ಲ, ಹೊರಗಿನ ಸುತ್ತು ಎಷ್ಟು ದೊಡ್ಡದು ಅನ್ನುವುದು ಮುಖ್ಯ. ನಮ್ಮ 16 ಮಿಲಿಮೀಟರ್ ಕೊಳವೆಗೆ 14ರಲ್ಲಿ 0.06 ಓಮ್, 7ರಲ್ಲಿ 0.04 ಓಮ್ ನಷ್ಟ ಬರುತ್ತದೆ. ಇದರ ಮೇಲೆ ಕೆಪಾಸಿಟರ್, ಬೆಸುಗೆ, ಜೋಡಣೆ ಎಲ್ಲ ಸೇರಿ ಇನ್ನೊಂದು 0.05 ಓಮ್ ಅಂತ ಇಟ್ಟುಕೊಳ್ಳಿ. ಇದು ನನ್ನ ಅಂದಾಜು, ಅಚ್ಚುಕಟ್ಟಾಗಿ ಮಾಡಿದರೆ ಕಡಿಮೆ ಬರಬಹುದು. ಈಗ 20 ಮೀಟರ್ ಬ್ಯಾಂಡಿನಲ್ಲಿ ಒಟ್ಟು 0.2 ಓಮ್. ಅದರಲ್ಲಿ ಉಪಯೋಗದ್ದು 0.093. ಹೆಚ್ಚುಕಡಿಮೆ ಅರ್ಧ ಪವರ್ ಗಾಳಿಗೆ, ಅರ್ಧ ತಾಮ್ರ ಬಿಸಿಮಾಡಲು. ಪರವಾಗಿಲ್ಲ. 40 ಮೀಟರಿನಲ್ಲಿ ಒಟ್ಟು 0.1 ಓಮ್, ಉಪಯೋಗದ್ದು 0.0058. ಶೇಕಡ 6. ಐದು ವಾಟ್ ಕೊಟ್ಟರೆ ಹೊರಡುವುದು 0.3 ವಾಟ್.

ಇಲ್ಲಿ ಒಂದು ಬೋಲ್ಟ್ ಬಗ್ಗೆ ಹೇಳಲೇಬೇಕು. ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ, ತೂತು ಹಾಕಿ, ಕೆಪಾಸಿಟರ್‌ಗೆ ಬೋಲ್ಟ್ ಮಾಡುವುದು ಎಲ್ಲರೂ ಮಾಡುವ ಕೆಲಸ. ಮೊದಲ ದಿನ ತಾಮ್ರ ಫಳಫಳ ಹೊಳೆಯುತ್ತಿರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿ. ವಾಷರಿನ ಕೆಳಗೆ ಕಂದು ಬಣ್ಣದ ತೆಳ್ಳನೆ ಪೊರೆ, ಅಂಚಿನಲ್ಲಿ ಹಸಿರು. ಆ ಜೋಡಣೆಯಲ್ಲಿ 6 ಮಿಲಿಓಮ್ ಬಂತು ಅನ್ನಿ. ಮನೆಯ ವೈರಿಂಗ್‌ನಲ್ಲಾದರೆ ಯಾರೂ ತಲೆ ಕೆಡಿಸಿಕೊಳ್ಳದಷ್ಟು ಚಿಕ್ಕ ಸಂಖ್ಯೆ. ಆದರೆ 40 ಮೀಟರಿನಲ್ಲಿ ನಮ್ಮ ಇಡೀ ಆಂಟೆನಾದ ರೇಡಿಯೇಷನ್ ರೆಸಿಸ್ಟೆನ್ಸ್ ಅಷ್ಟೇ ಇರುವುದು! ಒಂದು ವಾಷರ್ ಕೆಳಗಿನ ಕೊಳೆ, ಆಕಾಶಕ್ಕೆ ಹೋಗುವಷ್ಟೇ ಪವರನ್ನು ತಾನೊಬ್ಬನೇ ತಿನ್ನುತ್ತದೆ. ಸಿಗ್ನಲ್ ಹೋಗುತ್ತಿಲ್ಲ ಅಂತ ಟ್ರಾನ್ಸ್‌ಮಿಟರ್ ಬಿಚ್ಚಿ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬೆಸುಗೆ ಹಾಕಲು ಸಾಧ್ಯವಿರುವ ಕಡೆ ಬೆಸುಗೆಯೇ ಹಾಕಿ.

ಈಗ ಟ್ಯೂನಿಂಗ್‌ಗೆ ಬರೋಣ. ಈ ಬಳೆಯ ಇಂಡಕ್ಟೆನ್ಸ್ 2.6 ಮೈಕ್ರೋಹೆನ್ರಿ ಆಸುಪಾಸು. 14.060 ಮೆಗಾಹರ್ಟ್ಜ್‌ಗೆ ಕೂರಿಸಲು 48 ಪಿಕೋಫ್ಯಾರಡ್ ಬೇಕು, 7.030ಕ್ಕೆ ಅದರ ನಾಲ್ಕು ಪಟ್ಟು, 193. ಈ ಎರಡು ಫ್ರೀಕ್ವೆನ್ಸಿಗಳು ಕ್ಯೂಆರ್‌ಪಿ ಮಂದಿ, ಅಂದರೆ ಮೋರ್ಸ್‌ನಲ್ಲಿ 5 ವಾಟ್ ಮೀರದವರು, ಸೇರುವ ಕಟ್ಟೆಗಳು. ಲೆಕ್ಕದಲ್ಲಿ ಮಜಾ ಇರುವುದು ಮುಂದೆ. 14.060ರಲ್ಲಿ ಫ್ರೀಕ್ವೆನ್ಸಿಯನ್ನು 1 ಕಿಲೋಹರ್ಟ್ಜ್ ಸರಿಸಲು ಕೆಪಾಸಿಟರ್ ಬದಲಾಗಬೇಕಾದದ್ದು 0.007 ಪಿಕೋಫ್ಯಾರಡ್. ಆಂಟೆನಾ ಸುಖವಾಗಿರುವ ಅಗಲ ಹತ್ತು ಹನ್ನೆರಡು ಕಿಲೋಹರ್ಟ್ಜ್. ಅಂದರೆ 0.08 ಪಿಕೋಫ್ಯಾರಡ್. ನಮ್ಮ ಕೆಪಾಸಿಟರ್ ಅರ್ಧ ಸುತ್ತಿನಲ್ಲಿ ಇನ್ನೂರು ಪಿಕೋಫ್ಯಾರಡ್ ಬದಲಾಗುತ್ತದೆ, ಡಿಗ್ರಿಗೆ ಒಂದು ಚಿಲ್ಲರೆ. ಹಾಗಾದರೆ ಗುಂಡಿಯನ್ನು ಒಂದು ಡಿಗ್ರಿಯ ಹತ್ತನೇ ಭಾಗಕ್ಕಿಂತ ಸೂಕ್ಷ್ಮವಾಗಿ ನಿಲ್ಲಿಸಬೇಕು. ನೀವು ಹತ್ತಿರ ನಿಂತು ಕೈಚಾಚಿದರೆ ಆ ಕೈಯಿಂದಲೇ ಇದಕ್ಕಿಂತ ಜಾಸ್ತಿ ಕೆಪಾಸಿಟೆನ್ಸ್ ಸೇರಿಕೊಳ್ಳುತ್ತದೆ. ಕೈ ತೆಗೆದಾಗ ಟ್ಯೂನಿಂಗ್ ಓಡಿಹೋಗುವುದು ಇದಕ್ಕೇ.

ಆರು ಸುತ್ತಿಗೆ ಒಂದು ಸುತ್ತು ತಿರುಗುವ ರಿಡಕ್ಷನ್ ಡ್ರೈವ್ ಹಾಕಿದರೆ ಗುಂಡಿಯಲ್ಲಿ ಅರ್ಧ ಡಿಗ್ರಿಯಷ್ಟು ಜಾಗ ಸಿಗುತ್ತದೆ. ಅದಕ್ಕೂ ಕೆಪಾಸಿಟರ್‌ಗೂ ನಡುವೆ ಅರ್ಧ ಮೀಟರ್ ಪ್ಲಾಸ್ಟಿಕ್ ಕಡ್ಡಿ ಕೊಟ್ಟರೆ ಕೈಯ ಕಾಟ ಅಷ್ಟಕ್ಕಷ್ಟೇ. ತಂಬೂರಿಗೆ ಜೀವಾಳ ಕೂರಿಸುವವರು ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುತ್ತಾ, ನಾದ ಬಿಚ್ಚಿಕೊಳ್ಳುವ ಒಂದೇ ಒಂದು ಜಾಗ ಹುಡುಕುತ್ತಾರಲ್ಲ, ಇದೂ ಅದೇ ಕೆಲಸ.

ಕಿವಿಯಿಂದ ಮಾಡುವುದನ್ನು ಮೊದಲು ಕಲಿಯಬೇಕು. ಮೀಟರ್ ಆಮೇಲೆ. ರಿಸೀವರನ್ನು 14.060ಕ್ಕೆ ಇಟ್ಟು ವಾಲ್ಯೂಮ್ ಏರಿಸಿ. ಲೂಪ್ ಬೇರೆಲ್ಲೋ ಇರುವಾಗ ಬರೀ ತೆಳ್ಳನೆಯ ಶ್ ಅನ್ನುವ ಸದ್ದು, ಅದು ರಿಸೀವರಿನದೇ. ಗುಂಡಿ ತಿರುಗಿಸುತ್ತಾ ಹೋಗಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಸದ್ದು ಉಬ್ಬಿ ಬಂದು, ಬಂದಷ್ಟೇ ಬೇಗ ಇಳಿದುಹೋಗುತ್ತದೆ. ಆ ಉಬ್ಬಿನ ಒಳಗೆ ಬ್ಯಾಂಡ್ ಇದೆ: ಪಕ್ಕದ ಮನೆಯ ಚಾರ್ಜರಿನ ಗುರ್ ಸದ್ದು, ದೂರದ ಗುಡುಗಿನ ಚಟಪಟ, ಅದರ ಹಿಂದೆ ಯಾರೋ ಹೊಡೆಯುತ್ತಿರುವ ಮೋರ್ಸ್. ನಿಧಾನ ಹಿಂದಕ್ಕೆ ಬನ್ನಿ. ಡ್ರೈವ್‌ನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಅದಕ್ಕೆ ಕೊನೆಯ ನೂಕು ಯಾವಾಗಲೂ ಒಂದೇ ಕಡೆಯಿಂದ ಇರಲಿ. ದಾಟಿಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ಕಡೆಯಿಂದ ಬನ್ನಿ. ಒಂದು ವಾರದಲ್ಲಿ ಬೆರಳಿಗೆ ಅದರ ಜಾಗ ಗೊತ್ತಾಗಿಬಿಡುತ್ತದೆ.

ಕಿವಿ ಹತ್ತಿರ ತಂದು ನಿಲ್ಲಿಸುತ್ತದೆ, ಕೊನೆಯ ಕೂದಲೆಳೆಗೆ ಟ್ರಾನ್ಸ್‌ಮಿಟ್ ಮಾಡಿಯೇ ನೋಡಬೇಕು. ಇಲ್ಲಿ ಮಾಮೂಲಿ ಎಸ್‌ಡಬ್ಲ್ಯುಆರ್ ಮೀಟರಿಗಿಂತ ನನಗೆ ರೆಸಿಸ್ಟರ್ ಬ್ರಿಡ್ಜ್ ಇಷ್ಟ. ಮೂರು 50 ಓಮ್ ರೆಸಿಸ್ಟರ್‌ಗಳು, ಒಂದು ಡಯೋಡ್, ಒಂದು ಎಲ್‌ಇಡಿ. ಆಂಟೆನಾ ತಪ್ಪಿದ್ದರೆ ಎಲ್‌ಇಡಿ ಜೋರಾಗಿ ಉರಿಯುತ್ತದೆ, ಸರಿಯಾದರೆ ಆರಿಹೋಗುತ್ತದೆ. ಆಂಟೆನಾ ಎಷ್ಟೇ ಕೆಟ್ಟಿದ್ದರೂ ಟ್ರಾನ್ಸ್‌ಮಿಟರ್ ನೋಡುವ ಎಸ್‌ಡಬ್ಲ್ಯುಆರ್ ಎರಡು ದಾಟುವುದಿಲ್ಲ, ಹಾಗಾಗಿ ಐಆರ್‌ಎಫ್510 ಟ್ರಾನ್ಸಿಸ್ಟರ್ ಹಾಕಿದ ಮನೆಯಲ್ಲೇ ಕಟ್ಟಿದ ಸೆಟ್‌ಗಳು ಸುಡುವ ಭಯವಿಲ್ಲ. ಬ್ರಿಡ್ಜ್ ಒಳಗಿರುವಾಗ ಕಾಲು ಭಾಗ ಪವರ್ ಮಾತ್ರ ಆಂಟೆನಾಕ್ಕೆ ಹೋಗುತ್ತದೆ, ಆದ್ದರಿಂದ ಟ್ಯೂನ್ ಆದ ಮೇಲೆ ಸ್ವಿಚ್ ಒತ್ತಿ ಅದನ್ನು ಪಕ್ಕಕ್ಕಿಡಬೇಕು. ಕತ್ತಲಾದ ಬಾಲ್ಕನಿಯಲ್ಲಿ ಸಣ್ಣ ಮೀಟರಿನ ಮುಳ್ಳು ಹುಡುಕುವುದಕ್ಕಿಂತ ದೀಪ ಆರುವುದನ್ನು ನೋಡುವುದು ಎಷ್ಟೋ ಸುಲಭ ಅಲ್ವಾ?

ಕೆಪಾಸಿಟರ್ ವಿಷಯ. ಐದು ವಾಟ್ ಅಂದರೆ ಆಟಿಕೆ ಅಂದುಕೊಳ್ಳುವವರು ಈ ಲೆಕ್ಕ ನೋಡಲಿ. 0.2 ಓಮ್‌ನಲ್ಲಿ 5 ವಾಟ್ ಖರ್ಚಾಗಬೇಕಾದರೆ ಬಳೆಯಲ್ಲಿ 5 ಆಂಪಿಯರ್ ಹರಿಯಬೇಕು. ಬಳೆಯ ರಿಯಾಕ್ಟೆನ್ಸ್ 234 ಓಮ್. ಗುಣಿಸಿದರೆ ಕೆಪಾಸಿಟರ್ ಎರಡು ತುದಿಯ ನಡುವೆ 1,170 ವೋಲ್ಟ್, ಶಿಖರದಲ್ಲಿ 1,650. ಪುಟ್ಟ ಬ್ಯಾಟರಿಯಲ್ಲಿ ನಡೆಯುವ ಸೆಟ್‌ನಿಂದ! ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇರುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯ ಪಿವಿಸಿ ಗ್ಯಾಂಗ್ (ವೇರಿಯಬಲ್ ಕೆಪಾಸಿಟರಿಗೆ ಹಳಬರ ಹೆಸರು ಗ್ಯಾಂಗ್) ಇದಕ್ಕೆ ಆಗಿಬರುವುದಿಲ್ಲ. ಹಳೆಯ ವಾಲ್ವ್ ರೇಡಿಯೋದ ಎರಡು ಗುಂಪಿನ ಲೋಹದ ಗ್ಯಾಂಗ್ ಆಗುತ್ತದೆ, ಆದರೆ ಒಂದು ಉಪಾಯ ಬೇಕು. ಬಳೆಯ ಒಂದು ತುದಿಯನ್ನು ಒಂದು ಗುಂಪಿನ ನಿಂತ ತಗಡುಗಳಿಗೆ, ಇನ್ನೊಂದು ತುದಿಯನ್ನು ಇನ್ನೊಂದು ಗುಂಪಿನ ನಿಂತ ತಗಡುಗಳಿಗೆ ಬೆಸೆಯಿರಿ. ತಿರುಗುವ ತಗಡು ಮತ್ತು ಫ್ರೇಮಿಗೆ ಏನೂ ಕೊಡಬೇಡಿ. ಎರಡೂ ಸರಣಿಯಲ್ಲಿ ಸೇರಿ ಬೆಲೆ ಅರ್ಧವಾಗುತ್ತದೆ, ವೋಲ್ಟೇಜ್ ಎರಡಕ್ಕೂ ಹಂಚಿಹೋಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಕರೆಂಟು ಉಜ್ಜುವ ಸ್ಪ್ರಿಂಗ್ ಪಟ್ಟಿಯ ಮೂಲಕ ಹೋಗುವುದಿಲ್ಲ. ಆ ಪಟ್ಟಿಯ ಮಿಲಿಓಮ್‌ಗಳು ನಮಗೆ ದುಬಾರಿ ಅಂತ ಆಗಲೇ ನೋಡಿದೆವಲ್ಲ.

ಇಂಥ ಗ್ಯಾಂಗ್ ಹುಡುಕಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋದರೆ ಮುಂದಿನ ಅಂಗಡಿಗಳಲ್ಲಿ ಸಿಗುವುದು ಮೊಬೈಲ್ ಚಾರ್ಜರ್, ಸಿಸಿಟಿವಿ. ಒಳಗಿನ ಗಲ್ಲಿಗಳಲ್ಲಿ ಹಳೆ ಸಾಮಾನು ರಾಶಿ ಹಾಕಿಕೊಂಡವರನ್ನು ಕೇಳಬೇಕು. ವೇರಿಯಬಲ್ ಕೆಪಾಸಿಟರ್ ಅಂದರೆ ತಲೆಯಾಡಿಸುತ್ತಾರೆ, ಗ್ಯಾಂಗ್ ಕಂಡೆನ್ಸರ್ ಅಂದರೆ ವಯಸ್ಸಾದವರ ಕಣ್ಣರಳುತ್ತದೆ. ತಗಡುಗಳ ನಡುವೆ ಬೆಳಕು ಹಾಯಿಸಿ ನೋಡಿ, ಯಾವುದೂ ಬಾಗಿರಬಾರದು. ತಗಡಿನ ಸಂದು ಒಂದು ಮಿಲಿಮೀಟರಿನ ಮೂರನೇ ಭಾಗದಷ್ಟಿದ್ದರೆ ಹೀಗೆ ಸರಣಿಯಲ್ಲಿ 5 ವಾಟ್ ತಡೆದುಕೊಳ್ಳುತ್ತದೆ, ಅದೂ ಅಂಚಿನಲ್ಲಿ. ಹೈದರಾಬಾದಿನಲ್ಲಿ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಮೈಕ್ರೋಬಿಟ್‌ಎಕ್ಸ್ ಸೆಟ್ ಕೆಳಗಿನ ಬ್ಯಾಂಡ್‌ಗಳಲ್ಲಿ 10 ವಾಟ್ ಸುಮಾರು ಕೊಡುತ್ತದೆ, ಅದನ್ನು ಪೂರ್ತಿ ತೆರೆದರೆ ಇಂಥ ಗ್ಯಾಂಗ್‌ನಲ್ಲಿ ಕಿಡಿ ಹಾರಬಹುದು. ಮಂಜು ಬಿದ್ದ ಬೆಳಿಗ್ಗೆ, ಜಡಿಮಳೆಯ ದಿನ ಇನ್ನೂ ಬೇಗ. ಹಾಂ, ಟ್ರಾನ್ಸ್‌ಮಿಟ್ ಮಾಡುವಾಗ ಬಳೆಯನ್ನು ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಆರ್‌ಎಫ್, ಅಂದರೆ ರೇಡಿಯೋ ಫ್ರೀಕ್ವೆನ್ಸಿ ಕರೆಂಟ್, ಸುಟ್ಟ ಗಾಯ ಚಿಕ್ಕದಾಗಿ ಕಂಡರೂ ಆಳಕ್ಕೆ ಹೋಗಿರುತ್ತದೆ.

ಈಗ ಅಸಲು ವಿಷಯ, ಎಸ್‌ಡಬ್ಲ್ಯುಆರ್. ಹೊಸಬರಿಗೆ ಇದೊಂದೇ ದೇವರು. ಮುಳ್ಳು 1:1 ತೋರಿಸಿತು ಅಂದರೆ ಆಂಟೆನಾ ಚೆನ್ನಾಗಿದೆ ಅಂತ ಫೋಟೋ ಹಾಕುತ್ತಾರೆ. ಆದರೆ 50 ಓಮ್‌ನ ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು ಹಾಕುವ ಬರೀ ರೆಸಿಸ್ಟರ್, ಕೂಡ ಎಲ್ಲ ಬ್ಯಾಂಡಿನಲ್ಲೂ 1:1 ತೋರಿಸುತ್ತದೆ, ಅದು ಪಕ್ಕದ ಬೀದಿಗೂ ಕೇಳಿಸುವುದಿಲ್ಲ. ಎಸ್‌ಡಬ್ಲ್ಯುಆರ್ ಹೇಳುವುದು ಪವರ್ ವಾಪಸ್ ಬರಲಿಲ್ಲ ಅಂತ ಮಾತ್ರ. ಎಲ್ಲಿಗೆ ಹೋಯಿತು ಅಂತ ಅದು ಹೇಳುವುದಿಲ್ಲ. ಲೂಪ್ ವಿಷಯದಲ್ಲಿ ಆ ಇನ್ನರ್ಧ ಮಾತು ಹೇಳುವುದು ಬ್ಯಾಂಡ್‌ವಿಡ್ತ್.

ಒಂದು ನ್ಯಾನೋವಿಎನ್‌ಎ, ಅಂದರೆ ಆಂಟೆನಾ ಅಳೆಯುವ ಪುಟ್ಟ ಉಪಕರಣ, ಇದ್ದರೆ ಅಳೆಯಲು ಐದು ನಿಮಿಷ. ಮೊದಲು ಪುಟ್ಟ ಬಳೆಯ ಆಕಾರ ಸ್ವಲ್ಪ ಅಮುಕಿ, ಎಳೆದು, ನಡುವಿನ ಬಿಂದುವಿನಲ್ಲಿ ಎಸ್‌ಡಬ್ಲ್ಯುಆರ್ 1ಕ್ಕೆ ತನ್ನಿ. ಆಮೇಲೆ ಎರಡೂ ಕಡೆ ಎಸ್‌ಡಬ್ಲ್ಯುಆರ್ 2.6 ಆಗುವ ಜಾಗಗಳನ್ನು ಗುರುತಿಸಿ. ಅವುಗಳ ನಡುವಿನ ಅಂತರದಿಂದ ಫ್ರೀಕ್ವೆನ್ಸಿಯನ್ನು ಭಾಗಿಸಿದರೆ ಸಿಗುವುದು ಲೂಪಿನ ಕ್ಯೂ, ಅಂದರೆ ಅದರ ಟ್ಯೂನಿಂಗ್ ಎಷ್ಟು ಚೂಪು ಅನ್ನುವ ಸಂಖ್ಯೆ. ಬಳೆಯ ರಿಯಾಕ್ಟೆನ್ಸನ್ನು ಆ ಕ್ಯೂನಿಂದ ಭಾಗಿಸಿದರೆ ಒಟ್ಟು ರೆಸಿಸ್ಟೆನ್ಸ್. ರೇಡಿಯೇಷನ್ ರೆಸಿಸ್ಟೆನ್ಸ್ ನಮಗೆ ಅಳತೆಯಿಂದಲೇ ಗೊತ್ತು, 0.093. ಭಾಗಿಸಿದರೆ ಎಷ್ಟು ಪಾಲು ಗಾಳಿಗೆ ಅನ್ನುವುದು ಬಂತು. ಉದಾಹರಣೆಗೆ 14.060ರಲ್ಲಿ ಅಂತರ 12 ಕಿಲೋಹರ್ಟ್ಜ್ ಇದ್ದರೆ ಕ್ಯೂ 1,170, ಒಟ್ಟು 0.2 ಓಮ್, ಶೇಕಡ 46. ಅದೇ ಅಳತೆಯ ಇನ್ನೊಂದು ಲೂಪಿನಲ್ಲಿ ಅಂತರ 40 ಕಿಲೋಹರ್ಟ್ಜ್ ಬಂದರೆ? ಕ್ಯೂ 351, ಒಟ್ಟು 0.67 ಓಮ್, ಶೇಕಡ 14. ಎರಡರದ್ದೂ ಎಸ್‌ಡಬ್ಲ್ಯುಆರ್ 1:1. ಎರಡನೆಯದು ಟ್ಯೂನ್ ಮಾಡಲು ಬಲು ಸುಲಭ, ಗುಂಡಿ ಒರಟಾಗಿ ತಿರುಗಿಸಿದರೂ ನಡೆಯುತ್ತದೆ. ಮೊದಲನೆಯದರ ಮೂರನೇ ಒಂದು ಭಾಗವೂ ಅದು ಹೊರಗೆ ಕಳಿಸುವುದಿಲ್ಲ. ಶುರುವಿನಲ್ಲಿ ಅನುಮಾನ ಅಂದದ್ದು ಇದನ್ನೇ.

ಈ ಲೆಕ್ಕ ಗೋಡೆ, ನೆಲ, ಗ್ರಿಲ್ ಮಾಡುವ ನಷ್ಟವನ್ನೂ ಹಿಡಿದುಕೊಡುತ್ತದೆ. ಬೇಕಾದರೆ ಲೂಪನ್ನು ಟೆರೇಸ್ ನಡುವೆ ಒಯ್ದು ಅಳೆಯಿರಿ, ಆಮೇಲೆ ಬಾಲ್ಕನಿಯಲ್ಲಿ ಅಳೆಯಿರಿ. ಕಬ್ಬಿಣದ ಗ್ರಿಲ್ ಪಕ್ಕಕ್ಕೆ ಬಂದ ಹಾಗೆಲ್ಲ ಅಂತರ ಅಗಲವಾಗುತ್ತಾ ಹೋಗುತ್ತದೆ. ಗ್ರಿಲ್‌ನ ಪ್ರತಿ ಚೌಕವೂ ತನ್ನಷ್ಟಕ್ಕೆ ಒಂದು ಮುಚ್ಚಿದ ಬಳೆ, ನಮ್ಮ ಬಳೆಯ ಕಾಂತಕ್ಷೇತ್ರದಲ್ಲಿ ಅದಕ್ಕೂ ಕರೆಂಟ್ ಹುಟ್ಟುತ್ತದೆ, ಮತ್ತೆ ಕಬ್ಬಿಣ ತಾಮ್ರವಲ್ಲ. ಬಳೆಯ ಮುಖ ಗ್ರಿಲ್‌ಗೆ ಎದುರಾಗಿರುವುದಕ್ಕಿಂತ ಅಂಚು ಗ್ರಿಲ್ ಕಡೆ ಇದ್ದರೆ ನಷ್ಟ ಕಡಿಮೆ. ಅದೃಷ್ಟಕ್ಕೆ ಸಿಗ್ನಲ್ ಜೋರಾಗಿ ಹೋಗುವುದೂ ಅಂಚಿನ ದಿಕ್ಕಿಗೇ.

ಬಳೆಯ ಮುಖದ ದಿಕ್ಕಿನಲ್ಲಿ ಲೂಪ್ ಕಿವುಡು. ಇದು ದೋಷದ ಥರ ಕಂಡರೂ ನಗರದಲ್ಲಿ ವರ. ಎಲ್‌ಇಡಿ ಡ್ರೈವರ್, ಯುಪಿಎಸ್, ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರ್, ಈಗೀಗ ಮಾಳಿಗೆ ಮೇಲಿನ ಸೋಲಾರ್ ಇನ್ವರ್ಟರ್, ಎಲ್ಲ ಸೇರಿ 40 ಮೀಟರಿನಲ್ಲಿ ಗೋಡೆ ಕಟ್ಟಿದ ಹಾಗೆ ಗದ್ದಲ. ಲೂಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಆ ಗದ್ದಲ ತಟ್ಟನೆ ಕುಸಿದು ಹಿಂದಿನ ಸ್ಟೇಷನ್ ಎದ್ದುನಿಲ್ಲುತ್ತದೆ. ಗದ್ದಲ ಒಂದೇ ಕಡೆಯಿಂದ ಬರುತ್ತಿದ್ದರೆ ಮಾತ್ರ. ಕಟ್ಟಡದ ವೈರಿಂಗ್ ಪೂರ್ತಿ ಗದ್ದಲ ಹೊತ್ತು ತಿರುಗುತ್ತಿದ್ದರೆ ಯಾವ ಕೋನವೂ ಉಳಿಸುವುದಿಲ್ಲ.

ಚಿಕ್ಕದು, ಸಮರ್ಥ, ಅಗಲ ಬ್ಯಾಂಡ್‌ವಿಡ್ತ್, ಈ ಮೂರೂ ಒಂದೇ ಆಂಟೆನಾದಲ್ಲಿ ಸಿಗುವುದಿಲ್ಲ ಅನ್ನುವುದು ಹೊಸ ವಿಷಯವೇನಲ್ಲ. 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಎಲ್. ಜೆ. ಚು ಇದರ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಯಾವುದಾದರೂ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಚಿಕ್ಕದಾಗಿದ್ದೂ ಬ್ಯಾಂಡೆಲ್ಲ ಆವರಿಸುತ್ತದೆ ಅಂತ ಯಾರಾದರೂ ಆಂಟೆನಾ ಮಾರಲು ಬಂದರೆ, ಅವರು ಬಿಟ್ಟುಕೊಟ್ಟದ್ದು ಯಾವುದು ಅಂತ ಹೇಳದೆಯೇ ಗೊತ್ತಾಗುತ್ತದೆ. ಟ್ರಾನ್ಸ್‌ಮಿಟ್ ಮಾಡುವ ಲೂಪ್ ಕೂಡ ಹಳೆಯದೇ. ವಿಯೆಟ್ನಾಂ ಯುದ್ಧದ ಹೊತ್ತಿಗೆ, 1967ರಲ್ಲಿ, ಅಮೆರಿಕದ ಸೇನೆಗಾಗಿ ಕೆನೆತ್ ಪ್ಯಾಟರ್ಸನ್ ಬಿಚ್ಚಿ ಜೋಡಿಸುವ ಎಂಟು ಮೂಲೆಯ ಲೂಪನ್ನು ವಿವರಿಸಿದರು, ಹ್ಯಾಮ್‌ಗಳ ಕಣ್ಣು ಅದರ ಮೇಲೆ ಬಿತ್ತು. ಇನ್ನೂ ಹಿಂದೆ ಹೋದರೆ 1887ರ ಸುಮಾರಿಗೆ ಕಾರ್ಲ್ಸ್‌ರೂಹೆಯಲ್ಲಿ ಹರ್ಟ್ಜ್ ಕೈಯಲ್ಲಿದ್ದದ್ದೂ ಸಂದು ಬಿಟ್ಟ ತಂತಿಯ ಬಳೆಯೇ. ಆ ಸಂದಿನಲ್ಲಿ ಹಾರುವ ಸಣ್ಣ ಕಿಡಿಯನ್ನು ಅವರು ಕತ್ತಲೆ ಕೋಣೆಯಲ್ಲಿ ಕೂತು ನೋಡುತ್ತಿದ್ದರು. ನಮಗೆ ಆ ಕಿಡಿ ಬೇಡ, ಅಷ್ಟೇ ವ್ಯತ್ಯಾಸ.

ಯಾವ ಮೋಡ್‌ಗೆ, ಅಂದರೆ ಸಂದೇಶ ಕಳಿಸುವ ಯಾವ ವಿಧಾನಕ್ಕೆ, ಲೂಪ್ ಹೊಂದುತ್ತದೆ ಅಂತ ಕೇಳಿದರೆ, ಒಂದೇ ಕಡೆ ಕೂರುವ ಮೋಡ್‌ಗೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಮೋಡ್) ಮಂದಿ ಎಲ್ಲರೂ 14.074 ಅಥವಾ 7.074ರ ಮೇಲಿನ ಮೂರು ಕಿಲೋಹರ್ಟ್ಜ್ ಕಿಟಕಿಯಲ್ಲೇ ಇರುತ್ತಾರೆ. ಒಂದು ಸಲ ಟ್ಯೂನ್ ಮಾಡಿದರೆ ಸಂಜೆಯವರೆಗೂ ಗುಂಡಿ ಮುಟ್ಟುವ ಕೆಲಸವಿಲ್ಲ, ಬಿಸಿಲಿಗೆ ತಾಮ್ರ ಹಿಗ್ಗಿ ಸ್ವಲ್ಪ ಜಾರುವುದು ಬಿಟ್ಟರೆ. ಮೋರ್ಸ್‌ಗೂ ಪರವಾಗಿಲ್ಲ. ಕಷ್ಟ ಇರುವುದು 40 ಮೀಟರಿನಲ್ಲಿ ಮಾತಾಡುವವರಿಗೆ. ನೆಟ್‌ನಲ್ಲಿ, ಅಂದರೆ ರೇಡಿಯೋದಲ್ಲೇ ನಡೆಯುವ ಹ್ಯಾಮ್‌ಗಳ ಕೂಟದಲ್ಲಿ, ಯಾರೋ 5 ಕಿಲೋಹರ್ಟ್ಜ್ ಮೇಲೆ ಬನ್ನಿ ಅಂದರೆ ನೀವು ಗುಂಡಿ ತಿರುಗಿಸಿ ಮುಗಿಸುವಷ್ಟರಲ್ಲಿ ಅವರು ಇನ್ನೊಬ್ಬರ ಜೊತೆ ಹವಾಮಾನ ಮಾತಾಡಿ 73 (ಹ್ಯಾಮ್‌ಗಳ ವಿದಾಯದ ಶುಭಾಶಯ) ಹೇಳಿರುತ್ತಾರೆ. ಆದರೂ ನೆಟ್ಟಗೆ ನಿಂತ ಲೂಪಿಗೆ ಒಂದು ಒಳ್ಳೆ ಗುಣ ಇದೆ, ಅದು ನೇರ ಮೇಲಕ್ಕೂ ಕಳಿಸುತ್ತದೆ. ಹಗಲಲ್ಲಿ 7 ಮೆಗಾಹರ್ಟ್ಜ್ ಸಿಗ್ನಲ್ ಮೇಲೆ ಹೋಗಿ ಅಯಾನೋಸ್ಪಿಯರ್‌ಗೆ ತಾಗಿ ಕೆಳಗೆ ಬರುವುದರಿಂದ ಬೆಂಗಳೂರಿಂದ ಮಂಗಳೂರಿಗೆ ನಡುವಿನ ಘಟ್ಟ ಅಡ್ಡ ಬರುವುದಿಲ್ಲ. 0.3 ವಾಟಿನಲ್ಲಿ ಮಾತು ಕಷ್ಟ, ಮೋರ್ಸ್ ದಾಟುತ್ತದೆ.

ಮೋಟರ್ ಹಾಕಿ, ಸ್ಟೆಪರ್ ಹಾಕಿ, ಆರ್ಡುಯಿನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನಿಂದ ತಾನೇ ಟ್ಯೂನ್ ಆಗುವ ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಲೂಪ್ ಟೆರೇಸಿನಲ್ಲಿದ್ದು ನೀವು ಕೆಳಗಿದ್ದರೆ ಅದು ಬೇಕೇ ಬೇಕು. ಕೈಗೆಟಕುವ ಬಾಲ್ಕನಿಯಲ್ಲಿ ನನಗೆ ಅದರ ಆಸೆ ಇಲ್ಲ. ಒಂದು ಅಗ್ಗದ ಗೇರ್ ಮೋಟರ್ ಅಂದರೆ ಇನ್ನೊಂದು ಗದ್ದಲದ ಮೂಲ, ಇನ್ನೊಂದು ಸಡಿಲ.

ಸದ್ಯಕ್ಕೆ ತಲೆಯಲ್ಲಿರುವುದು 40 ಮೀಟರಿನ ಆ ಶೇಕಡ 6. ನಾಲ್ಕನೇ ಘಾತ ನಮ್ಮ ವಿರುದ್ಧ ಕೆಲಸ ಮಾಡುವ ಹಾಗೆ ನಮ್ಮ ಪರವಾಗಿಯೂ ಮಾಡುತ್ತದೆ. ಬಳೆಯನ್ನು 1 ಮೀಟರಿಂದ 1.5 ಮೀಟರಿಗೆ ದೊಡ್ಡದು ಮಾಡಿದರೆ ರೇಡಿಯೇಷನ್ ರೆಸಿಸ್ಟೆನ್ಸ್ ಐದು ಪಟ್ಟಾಗಿ 29 ಮಿಲಿಓಮ್‌ಗೆ ಏರುತ್ತದೆ, ತಾಮ್ರದ ನಷ್ಟ ಒಂದೂವರೆ ಪಟ್ಟು ಮಾತ್ರ. ಲೆಕ್ಕದಲ್ಲಿ ಶೇಕಡ 20 ಬರುತ್ತದೆ. ತೊಂದರೆ ಏನೆಂದರೆ 1.5 ಮೀಟರ್ ಬಳೆ ನಮ್ಮ ಬಾಲ್ಕನಿ ಬಾಗಿಲಲ್ಲಿ ಹಾಯುವುದಿಲ್ಲ. ಎರಡು ತುಂಡು ಮಾಡಿ ಬೋಲ್ಟ್ ಹಾಕಬೇಕು. ಅಂದರೆ ಹೊಸದಾಗಿ ಎರಡು ಜೋಡಣೆ. ಒಂದೊಂದಕ್ಕೆ 5 ಮಿಲಿಓಮ್ ಹಿಡಿದರೂ ಶೇಕಡ 19ಕ್ಕೆ ನಿಲ್ಲುತ್ತದೆ, ಈಗಿನದರ ಮೂರು ಪಟ್ಟು. ಎಸಿ ಅಂಗಡಿಯಲ್ಲಿ ಕೊಳವೆಗೆ ಹೇಳಿಟ್ಟಿದ್ದೇನೆ, ಜೋಡಣೆಗೆ ಅಗಲವಾದ ತಾಮ್ರದ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಇನ್ನೂ ಹುಡುಕುತ್ತಿದ್ದೇನೆ.